ಹೆಲೆನೊನನ್ನ ಕೊಂದಿದ್ದು ಆಟಿಟ್ಯೂಡ್ ಅಲ್ಲ

1/6
ಫುಟ್‌ಬಾಲ್‌ನ 'ಬ್ಯಾಡ್ ಬಾಯ್ಸ್' ಲಿಸ್ಟ್ ಮಾಡೋರಿಗೆ ಹೆಲೆನೊ ಡಿ ಫ್ರೇಟಾಸ್ ಅಂದ್ರೆ ಪ್ರೀತಿ. ಬ್ರೆಜಿಲ್‌ನ ಸ್ಟ್ರೈಕರ್. ಹಿಂದಕ್ಕೆ ಬಾಚಿದ ಕೂದಲು, ಸಿನಿಮಾ ಹೀರೋ ಮುಖ, ಮೂಗಿನ ತುದಿಯಲ್ಲಿ ಕೋಪ. ಅವನ ಬಗ್ಗೆ ಎಲ್ಲರೂ ಹೇಳೋದು ಒಂದೇ ಮಾತು: 'ಪ್ರತಿಭೆ ಇತ್ತು, ಆಟಿಟ್ಯೂಡ್ ಹಾಳು ಮಾಡ್ತು.'

ನಾನು ಒಪ್ಪಲ್ಲ. ಅವನು ಸತ್ತಿದ್ದು 39ನೇ ವಯಸ್ಸಿಗೆ, ಸಿಫಿಲಿಸ್ ಮೆದುಳಿಗೆ ಹತ್ತಿ. ಅದಕ್ಕೆ ಆಗಲೇ ಔಷಧಿ ಇತ್ತು. ಯಾಕೆ ಈ ವ್ಯತ್ಯಾಸ ಮುಖ್ಯ ಅಂತ ಪೂರ್ತಿ ಓದಿ ಹೇಳಿ.

2/6
ಮೊದಲು ಆಟ. 1920ರಲ್ಲಿ ಮಿನಾಸ್ ಜೆರೈಸ್ ರಾಜ್ಯದ ಸಣ್ಣ ಊರೊಂದರಲ್ಲಿ ಹುಟ್ಟಿದ. ಅನುಕೂಲಸ್ಥರ ಮನೆ. ಕಾನೂನು ಓದಿ ಪದವಿ ತಗೊಂಡ. ಆದ್ರೆ ಕೋರ್ಟಿಗೆ ಹೋಗಲಿಲ್ಲ, ರಿಯೊ ಡಿ ಜನೈರೊದ ಬೊಟಾಫೊಗೊ ಕ್ಲಬ್‌ಗೆ 200ಕ್ಕೂ ಹೆಚ್ಚು ಗೋಲು ಹೊಡೆದ. 1945ರ ದಕ್ಷಿಣ ಅಮೆರಿಕ ಚಾಂಪಿಯನ್‌ಶಿಪ್‌ನಲ್ಲಿ 6 ಗೋಲು ಹೊಡೆದು ಅತಿ ಹೆಚ್ಚು ಗೋಲು ಹೊಡೆದವರ ಸಾಲಲ್ಲಿ ನಿಂತ.

ಅದೃಷ್ಟ ನೋಡಿ. ಅವನು ಫಾರ್ಮ್‌ನಲ್ಲಿದ್ದ ವರ್ಷಗಳಲ್ಲಿ ವಿಶ್ವಕಪ್ಪೇ ಇರಲಿಲ್ಲ. 1942, 1946 ಎರಡನ್ನೂ ಯುದ್ಧ ನುಂಗಿತು. 1948ರಲ್ಲಿ ಬೊಟಾಫೊಗೊ ಅವನನ್ನ ಅರ್ಜೆಂಟೀನಾದ ಬೊಕಾ ಜೂನಿಯರ್ಸ್‌ಗೆ ಮಾರಿತು. ಅದೇ ವರ್ಷ ಅವನಿಲ್ಲದೆ ಬೊಟಾಫೊಗೊ ರಿಯೊ ಚಾಂಪಿಯನ್ ಆಯ್ತು!

3/6
ಆಮೇಲೆ ಇಳಿಜಾರು. 1949ರಲ್ಲಿ ವಾಸ್ಕೊ ಡ ಗಾಮಾ ಸೇರಿ ಕೊನೆಗೂ ರಿಯೊ ಟೈಟಲ್ ಗೆದ್ದ. ಆದ್ರೆ ಕೋಚ್ ಫ್ಲಾವಿಯೊ ಕೋಸ್ಟಾ ಜೊತೆ ಜಗಳ ಪಿಸ್ತೂಲು ಹಿಡಿಯೋವರೆಗೂ ಹೋಯ್ತು. 1950ರ ವಿಶ್ವಕಪ್‌ಗೆ ಬ್ರೆಜಿಲ್ ಕೋಚ್ ಯಾರು ಗೊತ್ತಾ? ಅದೇ ಕೋಸ್ಟಾ. ತಂಡದಲ್ಲಿ ಹೆಲೆನೊ ಹೆಸರಿರಲಿಲ್ಲ.

ಆ ವರ್ಷ ಅವನು ಕೊಲಂಬಿಯಾದ ಬರಾಂಕಿಯಾ ಊರಲ್ಲಿ ಆಡ್ತಿದ್ದ. ಅಲ್ಲಿನ ಪತ್ರಿಕೆಯಲ್ಲಿ ಅವನ ಬಗ್ಗೆ ಬರೆದ ಯುವ ಅಂಕಣಕಾರ ಯಾರು ಅಂದ್ರೆ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್. ಹೌದು, ಅದೇ ಮಾರ್ಕ್ವೆಜ್. 1951ರಲ್ಲಿ ವಾಪಸ್ ಬಂದು ಮರಕಾನಾ ಸ್ಟೇಡಿಯಂನಲ್ಲಿ ಒಂದೇ ಒಂದು ಮ್ಯಾಚ್ ಆಡಿದ. ಅದರಲ್ಲೂ ರೆಫರಿ ಹೊರಗೆ ಕಳಿಸಿದ್ರು.

ಇಷ್ಟೆಲ್ಲ ಆಗೋವಾಗ ಗ್ಯಾಲರಿ ಏನು ಮಾಡ್ತಿತ್ತು? ನಗ್ತಿತ್ತು. 1946ರಲ್ಲಿ 'ಗಿಲ್ಡಾ' ಅಂತ ಹಾಲಿವುಡ್ ಸಿನಿಮಾ ಬಂತು. ನಾಯಕಿ ರೀಟಾ ಹೇವರ್ತ್, ಚೆಲುವೆ, ಸಿಡುಕಿ. ಎದುರಾಳಿ ಅಭಿಮಾನಿಗಳು ಹೆಲೆನೊನನ್ನ 'ಗಿಲ್ಡಾ, ಗಿಲ್ಡಾ' ಅಂತ ಕೂಗಿ ಕೆರಳಿಸೋರು. ಅವನು ಕೆರಳಿದಷ್ಟೂ ಇವರಿಗೆ ಮಜಾ.

4/6
ಈಗ ರೋಗದ ವಿಷಯ. ಸಿಫಿಲಿಸ್ ಬರೋದು ಒಂದು ಬ್ಯಾಕ್ಟೀರಿಯಾದಿಂದ. ಮೊದಲು ನೋವಿಲ್ಲದ ಹುಣ್ಣು, ಅದು ತಾನಾಗೇ ಮಾಯುತ್ತೆ. 'ಹೋಯ್ತಲ್ಲ' ಅಂತ ಸುಮ್ಮನಾದ್ರೆ ಒಳಗೇ ಉಳಿದು, ಕೆಲವರಲ್ಲಿ ವರ್ಷಗಳ ನಂತರ ಮೆದುಳಿಗೆ ಕೈ ಹಾಕುತ್ತೆ. ಆಗ ಸ್ವಭಾವ ಬದಲಾಗುತ್ತೆ. ಸಿಟ್ಟು, ತಾನೇ ದೊಡ್ಡವನು ಅನ್ನೋ ಭ್ರಮೆ, ಮರೆವು. ಹೊರಗಿನಿಂದ ನೋಡಿದವರಿಗೆ ಕಾಣೋದು ಬರೀ 'ಕೊಬ್ಬು'.

1943ರಲ್ಲೇ ಅಮೆರಿಕದ ವೈದ್ಯರು ಪೆನ್ಸಿಲಿನ್‌ನಿಂದ ಸಿಫಿಲಿಸ್ ವಾಸಿ ಮಾಡಿ ತೋರಿಸಿದ್ರು. ಹೆಲೆನೊಗೆ ಆಗ 23 ವರ್ಷ. ಬೇಗ ಕೊಟ್ರೆ ರೋಗ ಹೋಗುತ್ತೆ, ತಡವಾದ್ರೆ ಮೆದುಳಿಗೆ ಆದ ಹಾನಿ ವಾಪಸ್ ಬರಲ್ಲ. ಅವನ ಕೊನೆಯ ವರ್ಷಗಳು ಬಾರ್ಬಸೇನಾ ಊರಿನ ಮಾನಸಿಕ ಆರೋಗ್ಯಧಾಮದಲ್ಲಿ ಕಳೆದವು. 1958ರಲ್ಲಿ ಬ್ರೆಜಿಲ್ ಮೊದಲ ವಿಶ್ವಕಪ್ ಗೆದ್ದಾಗ ಅವನು ಅಲ್ಲೇ ಇದ್ದ. 1959ರ ನವೆಂಬರ್ 8ಕ್ಕೆ ಅಲ್ಲೇ ತೀರಿಕೊಂಡ.

5/6
'ಅವನು ಮೊದಲಿಂದಲೂ ಹಂಗೇ ಇದ್ದ ಗುರು' ಅಂತೀರಾ? ನಿಜ. ಸಹ ಆಟಗಾರರ ಮೇಲೆ ರೇಗೋನು, ಪಾರ್ಟಿ ಬಿಡ್ತಿರಲಿಲ್ಲ, ಈಥರ್ ಮೂಸೋ ಚಟ ಇತ್ತು. ಅವನ ಸಿಟ್ಟಿಗೆ ಸಿಕ್ಕವರಿಗೆ ಆದ ನೋವೂ ನಿಜ. ಅವನನ್ನ ದೇವರು ಮಾಡಿ ಅಂತ ನಾನು ಹೇಳ್ತಿಲ್ಲ.

ಆದ್ರೆ ಕೆಟ್ಟ ಸ್ವಭಾವದವನಿಗೂ ಕಾಯಿಲೆ ಬರುತ್ತೆ. 'ಅವನ ಸ್ವಭಾವನೇ ಅಷ್ಟು' ಅಂದ ಕೂಡಲೇ ಮುಂದಿನ ಪ್ರಶ್ನೆ ಸತ್ತುಹೋಗುತ್ತೆ: 'ಇವನಿಗೆ ಏನಾದ್ರೂ ಆಗಿದೆಯಾ?' ಕಾಲು ಮುರಿದ ಸ್ಟ್ರೈಕರ್‌ನ ಸ್ಟ್ರೆಚರ್ ಮೇಲೆ ಕರ್ಕೊಂಡು ಹೋಗ್ತಾರೆ. ಮೆದುಳಿಗೆ ಪೆಟ್ಟು ಬಿದ್ದವನಿಗೆ ಅಡ್ಡಹೆಸರು ಇಡ್ತಾರೆ.

6/6
ಬರೀ ಹಳೇ ಕಥೆ ಅಂದ್ಕೋಬೇಡಿ. ನಾಚಿಕೆ ಇನ್ನೂ ಅದೇ ಜಾಗದಲ್ಲಿದೆ. ನಮ್ಮಲ್ಲಿ ಸಿಫಿಲಿಸ್‌ಗೆ ಹಳೇ ಹೆಸರು 'ಪರಂಗಿ ರೋಗ'. ಅಂದ್ರೆ ಹೊರಗಿನವರು ತಂದಿದ್ದು, ನಮ್ಮದಲ್ಲ! ಹೆಸರಲ್ಲೇ ಕೈ ತೊಳ್ಕೊಂಡಿದ್ದೀವಿ. ಆದ್ರೆ ಗರ್ಭಿಣಿಯರಿಗೆ ಮಾಡೋ ಮಾಮೂಲಿ ರಕ್ತಪರೀಕ್ಷೆಗಳಲ್ಲಿ ಇದೂ ಒಂದು. ಅಷ್ಟು ಸಾಧಾರಣ. ಔಷಧಿ ಇವತ್ತಿಗೂ ಅದೇ ಪೆನ್ಸಿಲಿನ್.

ಹಾಗಾಗಿ ಎರಡು ಮಾತು. ಒಂದು, ಇಂಥ ಜಾಗದಲ್ಲಿ ಹುಣ್ಣು, ಗುಳ್ಳೆ ಕಂಡ್ರೆ ಗೂಗಲ್ ಮಾಡ್ತಾ ಕೂರಬೇಡಿ, ಡಾಕ್ಟರ್ ಹತ್ರ ಹೋಗಿ. ಅವರು ದಿನಾ ನೋಡೋ ಕೇಸೇ ಅದು. ಎರಡು, ಗ್ರೂಪಲ್ಲಿ ಯಾರಾದ್ರೂ ಇದ್ದಕ್ಕಿದ್ದಂಗೆ ಬೇರೆ ಥರ ಆಡೋಕೆ ಶುರು ಮಾಡಿದ್ರೆ, ಸ್ಟಿಕ್ಕರ್ ಮಾಡೋಕ್ ಮುಂಚೆ ಒಂದು ಫೋನ್ ಮಾಡಿ.

ಹೆಲೆನೊ ಬಗ್ಗೆ 2011ರಲ್ಲಿ ಅವನ ಹೆಸರಲ್ಲೇ ಸಿನಿಮಾ ಬಂದಿದೆ, ಹೆಲೆನೊ ಪಾತ್ರ ರೊಡ್ರಿಗೊ ಸಾಂಟೊರೊ ಮಾಡಿದ್ದಾರೆ. ನೋಡಿದವರು ಕಮೆಂಟ್‌ನಲ್ಲಿ ಹೇಳಿ: ನಿಮಗೆ ಅಲ್ಲಿ ಕಂಡಿದ್ದು ಆಟಿಟ್ಯೂಡಾ, ಕಾಯಿಲೆನಾ?

#ಹೆಲೆನೊ #ಬೊಟಾಫೊಗೊ #ಫುಟ್‌ಬಾಲ್‌ಕಥೆ #ಕನ್ನಡದಲ್ಲಿಫುಟ್‌ಬಾಲ್