ಕೆಸುವಿನ ಮರಿಗಡ್ಡೆಗಳು



ಸಂಘದ ಯುಗಾದಿ ಊಟದ ದಿನ ನಿಮ್ಮಲ್ಲೊಬ್ಬ ನನ್ನ ಬಳಿ ಬಂದು, "ಆಂಟಿ, ನಿಮ್ಮ ಅಂಕಣ ಅಮ್ಮನ ಕೈಲಿ ಓದಿಸಿಕೊಂಡೆ" ಎಂದ. ಅವನಿಗೆ ಸ್ವಲ್ಪ ಸಂಕೋಚ. ಪರವಾಗಿಲ್ಲ ಮಾರಾಯ, ಓದಿಸಿಕೊಂಡೆಯಲ್ಲ, ನನಗೆ ಅದೇ ಸಂತೋಷ. ಇವತ್ತು ಅವನನ್ನೂ ನಿಮ್ಮೆಲ್ಲರನ್ನೂ ಸ್ವಲ್ಪ ದೂರ ಕರೆದುಕೊಂಡು ಹೋಗುತ್ತೇನೆ, ಪೆಸಿಫಿಕ್ ಸಾಗರದ ನಡುವೆ ಇರುವ ಹವಾಯಿಗೆ.

ಹವಾಯಿ ಎಂದ ಕೂಡಲೇ ಬೀಚು, ಹೂವಿನ ಶರ್ಟು, ತೆಂಗಿನ ಮರ ಕಣ್ಣಿಗೆ ಬರುತ್ತದೆ, ಅಲ್ಲವೇ? ನನಗೂ ಹಾಗೇ ಇತ್ತು. 2024ರ ಮಾರ್ಚ್ ತಿಂಗಳಲ್ಲಿ ಮಗಳು-ಅಳಿಯ ಇರುವ ಹಿಲೋ ಎಂಬ ಊರಿಗೆ ಹೋಗಿ ಮೂರು ತಿಂಗಳು ಇದ್ದೆ. ಹವಾಯಿ ದ್ವೀಪಗಳಲ್ಲೆಲ್ಲ ದೊಡ್ಡದಾದ ದ್ವೀಪದ ಪೂರ್ವ ದಿಕ್ಕಿನ ಊರು ಅದು. ಇಳಿದಾಗ ಮಳೆ, ಎದ್ದಾಗ ಮಳೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ. ಮೋಡ ಸರಿದ ದಿನ 4,200 ಮೀಟರ್ ಎತ್ತರದ ಮೌನಾ ಕಿಯಾ ಬೆಟ್ಟ ಕಾಣುತ್ತದೆ. ಚಳಿಗಾಲದಲ್ಲಿ ಅದರ ನೆತ್ತಿಯ ಮೇಲೆ ಹಿಮ! ರಾತ್ರಿಯಾದರೆ ಸಾಕು, ಕೋಕೀ ಎಂಬ ಪುಟ್ಟ ಕಪ್ಪೆಗಳ ಗಲಾಟೆ. ಡೊಂಬಿವಲಿಯ ಫ್ಲ್ಯಾಟಿನಲ್ಲಿ ಮೂವತ್ತು ವರ್ಷ ಕಳೆದ ನನಗೆ ತೀರ್ಥಹಳ್ಳಿಯ ತವರುಮನೆಗೆ ಬಂದ ಹಾಗಾಯಿತು.

ಜನರೂ ನಮ್ಮವರ ಹಾಗೇ. ಮನೆಯೊಳಗೆ ಹೋಗುವಾಗ ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಸಂಬಂಧ ಇರಲಿ, ಇಲ್ಲದಿರಲಿ, ದೊಡ್ಡವರೆಲ್ಲ ಆಂಟಿ, ಅಂಕಲ್. ಶುಭ ಸಮಾರಂಭ ಎಂದರೆ ಕೊರಳಿಗೆ ಹೂವಿನ ಹಾರ. ಅದಕ್ಕೆ 'ಲೇ' ಎನ್ನುತ್ತಾರೆ. ನಮ್ಮಲ್ಲಿ ಯಾರನ್ನಾದರೂ 'ಲೇ' ಎಂದರೆ ಏನಾಗುತ್ತದೆ ಎಂದು ಮಗಳ ಹತ್ತಿರ ಹೇಳಿ ಇಬ್ಬರೂ ನಕ್ಕೆವು.

ಬುಧವಾರ, ಶನಿವಾರ ಹಿಲೋದಲ್ಲಿ ದೊಡ್ಡ ಸಂತೆ. ಮೊದಲ ಶನಿವಾರವೇ ಅಲ್ಲಿ ನನಗೆ ಕಂಡದ್ದು ಕೆಸುವಿನ ಸೊಪ್ಪು, ಕೆಸುವಿನ ಗಡ್ಡೆ! ಅವರು ಅದನ್ನು 'ಕಾಲೋ' ಎನ್ನುತ್ತಾರೆ. ಗಡ್ಡೆಯನ್ನು ಬೇಯಿಸಿ, ಅರೆದು, 'ಪೋಯಿ' ಎಂಬ ಗೊಜ್ಜಿನಂಥ ಪದಾರ್ಥ ಮಾಡುತ್ತಾರೆ. ನಮಗೆ ಅನ್ನ ಹೇಗೋ ಅವರಿಗೆ ಹಿಂದಿನಿಂದಲೂ ಅದು ಹಾಗೆ.

ಪಕ್ಕದ ಮನೆಯಲ್ಲಿ ಮಗುವಿನ ಮೊದಲ ಹುಟ್ಟುಹಬ್ಬ ಬಂತು. ಹವಾಯಿಯಲ್ಲಿ ಇದು ಮದುವೆಯಷ್ಟೇ ದೊಡ್ಡ ಸಂಭ್ರಮ. ಬೀದಿಯವರೆಲ್ಲ ಒಂದೊಂದು ತಿಂಡಿ ತರುತ್ತಾರೆ. ನಾನು ಪತ್ರೊಡೆ ಮಾಡಿಕೊಂಡು ಹೋದೆ. ಆ ಮನೆಯ ಆಂಟಿ (ವಯಸ್ಸಿನಲ್ಲಿ ನನಗಿಂತ ಹಿರಿಯರು) ತಮ್ಮ 'ಲಾವ್‌ಲಾವ್' ಮುಂದಿಟ್ಟರು. ಅದೂ ಕೆಸುವಿನ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದೇ, ಆದರೆ ಒಳಗೆ ಮಾಂಸ. ನಾನು ತಿನ್ನುವ ಹಾಗಿರಲಿಲ್ಲ. ನನ್ನ ಪತ್ರೊಡೆಯನ್ನು ಅವರು ಎರಡು ಸಲ ಹಾಕಿಸಿಕೊಂಡರು. "ನಾಲಿಗೆ ತುರಿಸದ ಹಾಗೆ ಏನು ಮಾಡುತ್ತೀರಿ?" ಎಂದು ಕೇಳಿದರು. "ಹುಣಸೆಹುಳಿ" ಎಂದೆ. "ನಾವು ಗಂಟೆಗಟ್ಟಲೆ ಬೇಯಿಸುತ್ತೇವೆ" ಎಂದರು. ನಮ್ಮ ಸ್ನೇಹ ಶುರುವಾದದ್ದು ಹೀಗೆ.

ಅವತ್ತು ಅವರೊಂದು ಕತೆ ಹೇಳಿದರು. ಆಕಾಶದ ಒಡೆಯ ವಾಕೇಯನ ಮೊದಲ ಮಗು ಹುಟ್ಟುವಾಗಲೇ ಜೀವವಿರಲಿಲ್ಲವಂತೆ. ಮನೆಯ ಪಕ್ಕದಲ್ಲಿ ಮಣ್ಣು ಮಾಡಿದರು. ಅಲ್ಲಿ ಕೆಸುವಿನ ಗಿಡ ಹುಟ್ಟಿತು. ಎರಡನೆಯ ಮಗು ಬದುಕಿತು. ಆ ಮಗುವೇ ಹವಾಯಿ ಜನರ ಮೂಲಪುರುಷ. ಹಾಗಾಗಿ ಕೆಸು ಎಂದರೆ ಅವರಿಗೆ ಅಣ್ಣ. ತಮ್ಮ ಅಣ್ಣನ ಆರೈಕೆ ಮಾಡಬೇಕು, ಅಣ್ಣ ತಮ್ಮನ ಹೊಟ್ಟೆ ತುಂಬಿಸಬೇಕು. ತಾಯಿಗಡ್ಡೆಯ ಸುತ್ತ ಒಡೆಯುವ ಮರಿಗೆ 'ಓಹಾ' ಎಂದು ಹೆಸರು. ಕುಟುಂಬ ಎನ್ನುವುದಕ್ಕೆ ಅವರ ಮಾತು 'ಓಹಾನಾ' ಬಂದದ್ದು ಅದರಿಂದ.

ಕತೆ ಮುಗಿಸಿ ಆಂಟಿ ನಿಟ್ಟುಸಿರು ಬಿಟ್ಟರು. "ಇದನ್ನು ನನ್ನ ಅಜ್ಜಿ ನಮ್ಮ ಭಾಷೆಯಲ್ಲಿ ಹೇಳುತ್ತಿದ್ದಳು. ನನಗೆ ಅರ್ಥವಾಗುತ್ತಿರಲಿಲ್ಲ" ಎಂದರು.

ಯಾಕೆ ಗೊತ್ತೇ? ಹವಾಯಿಗೆ ಅದರದೇ ರಾಜಮನೆತನವಿತ್ತು. 1893ರಲ್ಲಿ ರಾಣಿಯನ್ನು ಪದಚ್ಯುತಗೊಳಿಸಿದರು. 1896ರಲ್ಲಿ ಶಾಲೆಗಳಲ್ಲಿ ಇಂಗ್ಲಿಷಿನಲ್ಲೇ ಪಾಠ ಎಂಬ ಕಾನೂನು ಬಂತು. ಮನೆಮಾತು ಆಡಿದ ಮಕ್ಕಳಿಗೆ ಶಾಲೆಯಲ್ಲಿ ಶಿಕ್ಷೆ. ಆ ಮಕ್ಕಳು ದೊಡ್ಡವರಾಗಿ ತಮ್ಮ ಮಕ್ಕಳಿಗೆ ಆ ಕಷ್ಟ ಬೇಡ ಎಂದು ಇಂಗ್ಲಿಷನ್ನೇ ಆಡಿದರು. 1980ರ ದಶಕದ ಆರಂಭಕ್ಕೆ 18 ವರ್ಷದೊಳಗಿನವರಲ್ಲಿ ಆ ಭಾಷೆ ಚೆನ್ನಾಗಿ ಬಲ್ಲವರು 50 ಮಂದಿಯೂ ಉಳಿದಿರಲಿಲ್ಲ.

ಇಲ್ಲಿ ನನ್ನದೊಂದು ತಪ್ಪು ಒಪ್ಪಿಕೊಳ್ಳಬೇಕು. ನನಗೆ ಯಾವ ಸರಕಾರವೂ ಕಾನೂನು ಮಾಡಿ ಹೇಳಿರಲಿಲ್ಲ. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ್ದೆ, ಆ ಜಂಬ ಇತ್ತು. ಮಕ್ಕಳ ಜೊತೆ ಇಂಗ್ಲಿಷಿನಲ್ಲೇ ಮಾತಾಡಿದೆ. 2017ರಲ್ಲಿ ನಮ್ಮ ಅತ್ತೆ ಹಾಸಿಗೆ ಹಿಡಿದರು. ಒಂದು ಸಂಜೆ ನನ್ನ ಮಗನ ಕೈ ಹಿಡಿದುಕೊಂಡು ಏನೋ ಬಹಳ ಹೊತ್ತು ಹೇಳಿದರು. ಅವನು ನನ್ನ ಕಡೆ ತಿರುಗಿ, "ವಾಟ್ ಈಸ್ ಅಜ್ಜಿ ಸೇಯಿಂಗ್?" ಎಂದ. ಒಳಗೆ ಕುಕ್ಕರ್ ಕೂಗುತ್ತಿತ್ತು. "ಊರಿನ ಬಾವಿಯ ವಿಷಯ, ಆಮೇಲೆ ಹೇಳ್ತೀನಿ" ಎಂದು ಎದ್ದು ಹೋದೆ. ವಾರದೊಳಗೆ ಅವರು ತೀರಿಕೊಂಡರು. ಅಜ್ಜಿ ಅವತ್ತು ಏನು ಹೇಳಿದ್ದು ಎಂದು ಮಗ ಈಗಲೂ ಒಮ್ಮೊಮ್ಮೆ ಕೇಳುತ್ತಾನೆ. ನನಗೆ ನೆನಪಿಲ್ಲ.

ಹವಾಯಿಯವರು ಅಳುತ್ತಾ ಕೂರಲಿಲ್ಲ. 1984ರಲ್ಲಿ ಕವಾಯಿ ದ್ವೀಪದಲ್ಲಿ ಒಂದು ಶಿಶುವಿಹಾರ ತೆರೆದರು. ಹೆಸರು 'ಪೂನಾನಾ ಲೇಓ', ಅಂದರೆ ದನಿಯ ಗೂಡು. ಅಲ್ಲಿ ಮಕ್ಕಳೊಡನೆ ಹವಾಯಿ ಭಾಷೆಯ ಮಾತು ಮಾತ್ರ. ಮರುವರ್ಷ ಹಿಲೋದಲ್ಲೂ ಒಂದು ಶುರುವಾಯಿತು. ಮಗುವನ್ನು ಬಿಟ್ಟು ಹೋದರೆ ಸಾಲದು, ಅಪ್ಪ-ಅಮ್ಮನೂ ಭಾಷೆ ಕಲಿಯಬೇಕು, ಶಾಲೆಯ ಕೆಲಸಕ್ಕೆ ಕೈಹಚ್ಚಬೇಕು. 1987ರಲ್ಲಿ ಸರಕಾರಿ ಶಾಲೆಗಳಲ್ಲೂ ಆ ಭಾಷೆಯಲ್ಲಿ ಪಾಠ ಬಂತು. 1999ರಲ್ಲಿ ಪೂರ್ತಿ ಅದರಲ್ಲೇ ಓದಿದ ಮೊದಲ ತಂಡ ಹೈಸ್ಕೂಲು ಮುಗಿಸಿತು.

ನಮ್ಮ ಆಂಟಿಯೂ ಕಲಿತರು, ತಮ್ಮ ಅರವತ್ತರಲ್ಲಿ. ಕಲಿಸಿದವಳು ಮೊಮ್ಮಗಳು! ನಾನಿದ್ದಾಗಲೇ ಈಸ್ಟರ್ ವಾರದ 'ಮೆರಿ ಮೊನಾರ್ಕ್' ಉತ್ಸವ ಬಂತು. ಹುಲಾ ನೃತ್ಯಕ್ಕೆ ಮತ್ತೆ ಮರ್ಯಾದೆ ತಂದುಕೊಟ್ಟ ದೊರೆ ಕಲಾಕೌವನ ನೆನಪಿನಲ್ಲಿ ನಡೆಯುವ ಹಬ್ಬ ಅದು. 1971ರಿಂದ ಅದರಲ್ಲಿ ನೃತ್ಯಸ್ಪರ್ಧೆ ನಡೆಯುತ್ತಿದೆ. ಟಿಕೆಟ್ ಸಿಗುವುದು ಕಷ್ಟ, ಹಾಗಾಗಿ ಆಂಟಿಯ ಮನೆಯ ಟೀವಿ ಮುಂದೆ ನಾವೆಲ್ಲ ಚಾಪೆ ಹಾಸಿ ಕೂತೆವು. ಹಾಡಿನ ನಡುವೆ ಆಂಟಿಗೆ ಒಂದು ಮಾತು ಅರ್ಥವಾಗದಿದ್ದರೆ ಹತ್ತು ವರ್ಷದ ಆ ಹುಡುಗಿ ಕಿವಿಯಲ್ಲಿ ಹೇಳುತ್ತಿದ್ದಳು. ಅಜ್ಜಿ "ಓಹೋ" ಎಂದು ತಲೆದೂಗುತ್ತಿದ್ದರು. ನಾನು ಟೀವಿ ನೋಡುವುದು ಬಿಟ್ಟು ಅವರಿಬ್ಬರನ್ನೇ ನೋಡಿದೆ.

ಆ ಹುಡುಗಿ ನನಗೂ ಪಾಠ ಮಾಡಿದಳು. ಅವರಿಗೆ ಇರುವುದು ಹದಿಮೂರೇ ಅಕ್ಷರ. ನಮ್ಮದು ನಲವತ್ತೊಂಬತ್ತು ಎಂದಾಗ ಕಣ್ಣರಳಿಸಿದಳು. ಅವರ ಪದಗಳೆಲ್ಲ ಸ್ವರದಲ್ಲೇ ಮುಗಿಯಬೇಕಂತೆ. 'ಮೆರಿ ಕ್ರಿಸ್‌ಮಸ್' ಅವರ ಬಾಯಲ್ಲಿ 'ಮೇಲೇ ಕಲೀಕೀಮಾಕಾ'. ನಾವು ಬಸ್ಸು, ಕಾರು, ಟಿಕೀಟು ಅನ್ನುವುದಿಲ್ಲವೇ, ಹಾಗೆ!

ಈಗ ನಿಮ್ಮ ವಿಷಯ. ನೀವು ಮುಂಬಯಿಯಲ್ಲಿ, ಪುಣೆಯಲ್ಲಿ ಹುಟ್ಟಿದವರು. ಮರಾಠಿ, ಹಿಂದಿ, ಇಂಗ್ಲಿಷ್ ಎಲ್ಲ ನೀರು ಕುಡಿದ ಹಾಗೆ ಮಾತಾಡುತ್ತೀರಿ, ನನಗೆ ಹೆಮ್ಮೆ. ಕನ್ನಡ ತಪ್ಪಾಗುತ್ತದೆ, ಜನ ನಗುತ್ತಾರೆ ಎಂದು ಹಿಂಜರಿಯುತ್ತೀರಿ. ನಕ್ಕರೆ ನಗಲಿ ಬಿಡಿ. ಕನ್ನಡಕ್ಕೆ ಹವಾಯಿ ಭಾಷೆಯ ಗತಿ ಬಂದಿಲ್ಲ, ಊರಿನಲ್ಲಿ ಕೋಟಿಗಟ್ಟಲೆ ಜನ ಆಡುತ್ತಾರೆ. ಆದರೆ ಅಜ್ಜಿ ನಿಮಗೆಂದೇ ಹೇಳುವ ಮಾತನ್ನು ಆ ಕೋಟಿ ಜನ ನಿಮ್ಮ ಪರವಾಗಿ ಕೇಳಿಸಿಕೊಳ್ಳಲಾರರು. ನಮ್ಮಂಥ ಅಮ್ಮಂದಿರು ಕಲಿಸದೆ ಬಿಟ್ಟಿದ್ದರೆ ತಪ್ಪು ನಮ್ಮದು. ಅದನ್ನು ಸರಿಮಾಡಲು ನಮ್ಮ ಜೊತೆ ನೀವೂ ಕೂರಬೇಕು, ಅಷ್ಟೇ.

ಈ ಭಾನುವಾರ ಅಜ್ಜಿಗೋ ಅಜ್ಜನಿಗೋ ಫೋನ್ ಮಾಡಿ. ಊರಿನ ಬಾವಿಯ ಕತೆ ಕೇಳಿ. ಅರ್ಥವಾಗದ ಮಾತು ಬಂದರೆ ಅಮ್ಮನನ್ನು ಕರೆಯಬೇಡಿ, "ಹಾಗಂದ್ರೆ ಏನಜ್ಜಿ?" ಎಂದು ಅವರನ್ನೇ ಕೇಳಿ. ಅವರಿಗೆ ಎಷ್ಟು ಖುಷಿಯಾಗುತ್ತದೆ ನೋಡಿ. ಏನು ಹೇಳಿದರೆಂದು ನನಗೂ ಬರೆದು ತಿಳಿಸಿ, ತಪ್ಪು ಕನ್ನಡದಲ್ಲೇ ಆಗಲಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ಅಲ್ಲಿಯವರೆಗೆ, ಹಿಲೋದವರು ಬರುವಾಗಲೂ ಹೋಗುವಾಗಲೂ ಹೇಳುವ ಹಾಗೆ, ಅಲೋಹಾ!