ಗೊಂಬೆ ಮೆಟ್ಟಿಲಿಗೆ ಹಳೆಯ ಮರ

ದಸರೆ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಗೊಂಬೆ ಕೂರಿಸುವ ಮಾತು ಶುರು. ಪಟ್ಟದ ಗೊಂಬೆ ಸೂಟ್‌ಕೇಸಿನಲ್ಲಿ ಊರಿನಿಂದ ಬಂದಿರುತ್ತದೆ; ಒಂಬತ್ತು ಮೆಟ್ಟಿಲು ಹಾಗೆ ಬರುವುದಿಲ್ಲವಲ್ಲ! ಬೇಸ್‌ಮೆಂಟಿನಲ್ಲಿ ಗರಗಸ, ಉಳಿ ಇಟ್ಟುಕೊಂಡ ಯಜಮಾನರಿಗೆ ವರ್ಷಕ್ಕೊಮ್ಮೆ ಮರ್ಯಾದೆ ಸಿಗುವುದು ಆಗಲೇ. ಹಲಗೆಗೆಂದು ಹೋಮ್ ಡಿಪೋಗೆ ಓಡುವ ಮುನ್ನ ಹಳೆಯ ಮರದ ಕಡೆ ಒಮ್ಮೆ ಕಣ್ಣು ಹಾಯಿಸಿ.

ಈ ವಿಷಯದಲ್ಲಿ ಚಿಕಾಗೋ, ಡೆಟ್ರಾಯಿಟ್ ಕಡೆಯವರು ಪುಣ್ಯವಂತರು. 1871ರ ಬೆಂಕಿಯ ನಂತರ ಚಿಕಾಗೋವನ್ನು ಮತ್ತೆ ಕಟ್ಟಲು ಮಿಷಿಗನ್, ವಿಸ್ಕಾನ್ಸಿನ್ ಕಾಡುಗಳ ಬಿಳಿ ಪೈನ್ ಹೇರಳವಾಗಿ ಬಂತು. ನಿಧಾನವಾಗಿ ಬೆಳೆದ ಆ ಮರದ ಗೆರೆಗಳು ಒತ್ತೊತ್ತಾಗಿರುತ್ತವೆ. ಇಂದಿನ ಟೂ-ಬೈ-ಫೋರ್ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ. ನಮ್ಮೂರಲ್ಲಿ ತೊಟ್ಟಿಮನೆ ಬಿಚ್ಚಿದಾಗ ಕಂಬ, ತೊಲೆಗೆ ಗಿರಾಕಿಗಳು ಕಾಯುವಂತೆ ಇಲ್ಲೂ ಕಾಯುವವರಿದ್ದಾರೆ. ಹ್ಯಾಬಿಟಾಟ್‌ನ ರೀಸ್ಟೋರ್ ಎರಡೂ ಕಡೆ ಇದೆ. ಚಿಕಾಗೋದವರು ರೀಬಿಲ್ಡಿಂಗ್ ಎಕ್ಸ್‌ಚೇಂಜ್‌ಗೂ ಫೋನ್ ಮಾಡಿ ವಿಚಾರಿಸಬಹುದು.

ಇನ್ನು ಆಶ್ ಮರ. ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ಜೀರುಂಡೆ 2002ರಲ್ಲಿ ಡೆಟ್ರಾಯಿಟ್ ಬಳಿ, 2006ರಲ್ಲಿ ಇಲಿನಾಯ್‌ನಲ್ಲಿ ಪತ್ತೆಯಾಯಿತು. ಬೀದಿ ಬೀದಿಯ ಆಶ್ ಮರಗಳು ಸತ್ತವು. ಆದರೆ ಅದರ ಹುಳು ಮೇಯುವುದು ತೊಗಟೆಯ ಅಡಿಯಲ್ಲಿ. ಒಳಗಿನದು ಬೇಸ್‌ಬಾಲ್ ಬ್ಯಾಟಿಗೆ ಹೆಸರಾದ ಗಟ್ಟಿ ಮರವೇ. ತೊಗಟೆ ತೆಗೆದು ಕಿಲ್ನ್‌ನಲ್ಲಿ ಒಣಗಿಸಿದ ಹಲಗೆ ಸಿಕ್ಕರೆ ಬಿಡಬೇಡಿ. ತೊಗಟೆ ಸಮೇತದ ತುಂಡನ್ನು ಮಾತ್ರ ದೂರದ ನೆಂಟರಿಗೆಂದು ಕಾರಿನಲ್ಲಿ ಒಯ್ಯಬೇಡಿ. ಸೌದೆಯ ಜೊತೆ ಸವಾರಿ ಮಾಡಿಯೇ ಈ ಹುಳು ಊರೂರು ಹಬ್ಬಿದ್ದು.

ಈಗ ಡಾಕ್ಟರ ಮಾತು. ಅಮೆರಿಕದಲ್ಲಿ ಮನೆಯ ಬಣ್ಣಕ್ಕೆ ಸೀಸ, ಅಂದರೆ ಲೆಡ್, ಸೇರಿಸುವುದು ನಿಷೇಧವಾದದ್ದು 1978ರಲ್ಲಿ. ಅದಕ್ಕೂ ಹಿಂದಿನ ಮನೆಯ ಬಣ್ಣ ಬಳಿದ ಬಾಗಿಲು, ಹಲಗೆ ಎಷ್ಟೇ ಚೆಂದವಿರಲಿ, ಪುಕ್ಕಟೆ ಕೊಟ್ಟರೂ ಬೇಡ. ಅದನ್ನು ಬೇಸ್‌ಮೆಂಟಿನಲ್ಲಿ ಉಜ್ಜಿದರೆ ಪುಡಿ ಫರ್ನೇಸಿನ ಗಾಳಿಯಲ್ಲಿ, ನಿಮ್ಮ ಬಟ್ಟೆಯಲ್ಲಿ ಮೇಲಿನ ಮನೆಗೆ ಹೋಗುತ್ತದೆ. ಅಂಬೆಗಾಲಿಡುವ ಕೂಸು ನೆಲ ಮುಟ್ಟಿದ ಕೈಯನ್ನು ಬಾಯಿಗಿಡುತ್ತದೆ. ಸೀಸ ಮಗುವಿನ ಮಿದುಳಿನ ಬೆಳವಣಿಗೆಗೇ ಪೆಟ್ಟು ಕೊಡುತ್ತದೆ, ಹೊರಗೆ ಏನೂ ಕಾಣಿಸುವುದಿಲ್ಲ. ಇಷ್ಟಿದ್ದರೆ ಅಪಾಯವಿಲ್ಲ ಎಂದು ಹೇಳಬಹುದಾದ ಮಟ್ಟವೇ ಇಲ್ಲ. ಈಗಾಗಲೇ ಉಜ್ಜಿದ್ದರೆ ಹೆದರಿ ಕೂರಬೇಡಿ. ಮಗುವಿನ ಡಾಕ್ಟರಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ. ಗರ್ಭಿಣಿ ಇರುವ ಮನೆಯಲ್ಲೂ ಇದೇ ಎಚ್ಚರ.

ಹಳೆಯ ಡೆಕ್ಕಿನ ಹಸಿರು ಛಾಯೆಯ ಹಲಗೆಯೂ ಬೇಡ. 2003ರ ಕೊನೆಯವರೆಗೆ ಅಂಥ ಮರಕ್ಕೆ ಆರ್ಸೆನಿಕ್ ಇರುವ ಔಷಧಿ ತುಂಬುತ್ತಿದ್ದರು. ಅದನ್ನು ಸುಡಲೂ ಬಾರದು. ಪ್ಯಾಲೆಟ್ ಆದರೆ ಮುದ್ರೆ ನೋಡಿ: ಎಚ್‌ಟಿ ಎಂದರೆ ಬಿಸಿ ಮಾಡಿದ್ದು, ತರಬಹುದು, ಎಂಬಿ ಎಂದರೆ ಮೀಥೈಲ್ ಬ್ರೋಮೈಡ್ ಹೊಗೆ ಹಾಕಿದ್ದು, ಅಲ್ಲೇ ಬಿಟ್ಟುಬನ್ನಿ.

ಬಣ್ಣವಿಲ್ಲದ ಒಳ್ಳೆಯ ಮರ ಸಿಕ್ಕಿದ ಮೇಲೆ ಕೊಯ್ಯುವಾಗ ಎನ್-95 ಮಾಸ್ಕ್ ಹಾಕಿಕೊಳ್ಳಿ. ಕೋವಿಡ್ ಕಾಲದ್ದು ಎಲ್ಲರ ಮನೆಯಲ್ಲೂ ಉಳಿದಿದೆ. ಹಳೆಯ ಮರದಲ್ಲಿ ಮೊಳೆ ಇದ್ದೇ ಇರುತ್ತದೆ. ಕೊನೆಯ ಟೆಟನಸ್ ಇಂಜೆಕ್ಷನ್ ಆಗಿ ಹತ್ತು ವರ್ಷವಾಗಿದ್ದರೆ, ಗರಗಸ ಹಿಡಿಯುವ ಮೊದಲೇ ಹಾಕಿಸಿಕೊಂಡು ಬನ್ನಿ.