ನರಗಳಿಗೂ ಪಾಳಿ ಮುಗಿಯಬೇಕು

ಸಂಘದ ಕಚೇರಿಗೆ ಬರುವ ಗಿರಣಿ ಕಾರ್ಮಿಕರ ಬಾಯಲ್ಲೂ ಪೇಟೆಯ ಸಣ್ಣ ಅಂಗಡಿಕಾರರ ಬಾಯಲ್ಲೂ ಈಗ ಒಂದೇ ದೂರು ಕೇಳಿಬರುತ್ತಿದೆ. ಮೈ ದಣಿದಿರುತ್ತದೆ, ನಿದ್ದೆ ಮಾತ್ರ ಹತ್ತುವುದಿಲ್ಲ. ಎದೆ ಸುಮ್ಮಸುಮ್ಮನೆ ಡವಗುಟ್ಟುತ್ತದೆ. ಉಂಡದ್ದು ಅರಗುವುದಿಲ್ಲ. ಮಕ್ಕಳು ಒಂದು ಮಾತು ಕೇಳಿದರೂ ರೇಗುತ್ತದೆ. ಇದಕ್ಕೆ 'ನರದೌರ್ಬಲ್ಯ'ವೆಂದು ಹೆಸರಿಟ್ಟು ಟಾನಿಕ್ಕಿನ ಸೀಸೆ ಮಾರುವವರು ಬಡವರ ಕಿಸೆಗೆ ಕೈಹಾಕುತ್ತಿದ್ದಾರೆ. ಇಂಥವರಲ್ಲಿ ಬಹುಮಂದಿಯ ನರಗಳು ದುರ್ಬಲವಾಗಿಲ್ಲ; ಅವುಗಳಿಗೆ ಬಿಡುವು ಸಿಕ್ಕಿಲ್ಲ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಅಪ್ಪಣೆಗೆ ಕಾಯದೆ ತಾವಾಗಿಯೇ ದುಡಿಯುವ ನರಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ: ಎಚ್ಚರಿಸುವವು ಮತ್ತು ತಣಿಸುವವು. ಹೊಲದಲ್ಲಿ ಹಾವು ಹೆಡೆಯೆತ್ತಿದರೆ ಎಚ್ಚರಿಸುವ ನರಗಳು ಕ್ಷಣದಲ್ಲಿ ಎದ್ದುಬಿಡುತ್ತವೆ. ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತಿರುವ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ನೆತ್ತರಿಗೆ ಬಿಡುತ್ತವೆ. ಎದೆಬಡಿತ ಏರುತ್ತದೆ, ಉಸಿರು ಬಿರುಸಾಗುತ್ತದೆ, ಹೊಟ್ಟೆಯ ಕೆಲಸ ಹಿಂದೆ ಬಿದ್ದು ಕೈಕಾಲುಗಳಿಗೆ ನೆತ್ತರು ನುಗ್ಗುತ್ತದೆ. ಕಾದಾಡು, ಇಲ್ಲವೇ ಓಡು! ಅಮೆರಿಕದ ವಿಜ್ಞಾನಿ ವಾಲ್ಟರ್ ಕ್ಯಾನನ್ 1915ರ ತಮ್ಮ ಗ್ರಂಥದಲ್ಲಿ ಈ ಏರ್ಪಾಡನ್ನು ವಿವರಿಸಿದರು. ಹಾವು ಸರಿದುಹೋದ ಮೇಲೆ ತಣಿಸುವ ನರಗಳ ಸರದಿ. ದೇಹ ಮೊದಲಿನ ಸ್ಥಿತಿಗೆ ಮರಳುತ್ತದೆ.

ಆದರೆ ಸರಿದುಹೋಗದ ಹಾವಿಗೆ ಏನು ಮಾಡುವುದು? ಮೇಸ್ತ್ರಿಯ ಗದರಿಕೆಯ ಎದುರು ಕಾದಾಡುವಂತಿಲ್ಲ, ಓಡಿದರೆ ಕೂಲಿಯಿಲ್ಲ. ಸಾಲದ ಕಂತಿನವನು ಪ್ರತಿವಾರ ಬಾಗಿಲು ತಟ್ಟುತ್ತಾನೆ. ಆಗ ಕಾರ್ಟಿಸಾಲ್ ಎಂಬ ಇನ್ನೊಂದು ರಸದ ಏರಿಳಿತದ ಕ್ರಮ ತಪ್ಪುತ್ತದೆ. ರಕ್ತದೊತ್ತಡ ಏರುತ್ತದೆ, ನಿದ್ದೆ ಕೆಡುತ್ತದೆ. 1936ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹ್ಯಾನ್ಸ್ ಸೆಲ್ಯೆ ಇಲಿಗಳ ಮೇಲಿನ ಪ್ರಯೋಗಗಳಿಂದ ಇದರ ಮೂರು ಹಂತಗಳನ್ನು ಗುರುತಿಸಿದರು: ಮೊದಲು ಗಾಬರಿ, ಆಮೇಲೆ ತಾಳಿಕೆ, ಕೊನೆಗೆ ಬಳಲಿಕೆ. ನಮ್ಮಲ್ಲಿ ಅನೇಕರು 'ಅಭ್ಯಾಸವಾಗಿದೆ ಬಿಡಿ' ಎನ್ನುವುದು ಎರಡನೆಯ ಹಂತದಲ್ಲಿ ನಿಂತು. ಮೂರನೆಯದು ಮುಂದೆ ಕಾದಿದೆ.

ಚಿಂತೆಯ ರೋಗ ದೊಡ್ಡ ಅಧಿಕಾರಿಗಳದು, ಕೂಲಿಯವನಿಗೆ ಅದೆಲ್ಲಿಯದು ಎನ್ನುವವರಿದ್ದಾರೆ. ಲೆಕ್ಕ ಬೇರೆಯೇ ಹೇಳುತ್ತದೆ. ಇಂಗ್ಲೆಂಡಿನ ಸರಕಾರಿ ನೌಕರರನ್ನು ಕುರಿತು 1967ರಲ್ಲಿ ಆರಂಭವಾದ 'ವೈಟ್‌ಹಾಲ್' ಅಧ್ಯಯನದಲ್ಲಿ 17,000ಕ್ಕೂ ಹೆಚ್ಚು ಗಂಡಸರನ್ನು ವರ್ಷಗಟ್ಟಲೆ ಗಮನಿಸಲಾಯಿತು. ಬಾಗಿಲು ಕಾಯುವವರು, ಓಲೆ ಒಯ್ಯುವವರು ಮೊದಲಾದ ಕೆಳದರ್ಜೆಯವರ ಸಾವಿನ ಪ್ರಮಾಣ ಮೇಲಧಿಕಾರಿಗಳದಕ್ಕಿಂತ ಸುಮಾರು ಮೂರು ಪಟ್ಟು ಇತ್ತು. ಬೀಡಿ ಸಿಗರೇಟು, ರಕ್ತದೊತ್ತಡ ಇವುಗಳ ಲೆಕ್ಕ ಕಳೆದ ಮೇಲೂ ಅಂತರ ಪೂರ್ತಿ ಅಳಿಯಲಿಲ್ಲ. ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದವನ ಹೃದಯಕ್ಕೆ ಅಪಾಯ ಹೆಚ್ಚೆಂದು ಮುಂದಿನ ಅಧ್ಯಯನಗಳು ತೋರಿಸಿದವು. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇಕಡ 35ರಷ್ಟು ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಜಂಟಿಯಾಗಿ ತಿಳಿಸಿದವು. ಬೆಳಗಿನ ಆರರಿಂದ ರಾತ್ರಿ ಹತ್ತರವರೆಗೆ ಗಲ್ಲದ ಮುಂದೆ ಕೂಡುವ ಅಂಗಡಿಕಾರ ಬಂಧುಗಳು ತಮ್ಮ ಗಂಟೆಗಳನ್ನು ಒಮ್ಮೆ ಕೂಡಿ ನೋಡಲಿ.

ಹಾಗಾದರೆ ಮಾಡಬೇಕಾದದ್ದೇನು? ಮೊದಲು, ಖರ್ಚಿಲ್ಲದೆ ನಮ್ಮ ಕೈಯಲ್ಲೇ ಇರುವುದು. ನಾವು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 18 ಸಲ ಉಸಿರಾಡುತ್ತೇವೆ. ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರೆಳೆದು, ಆರು ಎಣಿಸುವವರೆಗೆ ನಿಧಾನವಾಗಿ ಬಿಟ್ಟರೆ ಅದು ಆರಕ್ಕಿಳಿಯುತ್ತದೆ. ಉಸಿರು ಬಿಡುವಾಗ ತಣಿಸುವ ನರದ ಹಿಡಿತ ಹೆಚ್ಚಿ ಎದೆಬಡಿತ ತಗ್ಗುತ್ತದೆ. ಪಾಳಿ ಮುಗಿದ ಮೇಲೆ ಐದು ನಿಮಿಷ ಹೀಗೆ ಕೂಡಿರಿ. ಮಲಗುವಾಗ ಮುಷ್ಟಿ, ಹೆಗಲು, ಕಾಲುಗಳನ್ನು ಒಂದೊಂದಾಗಿ ಬಿಗಿದು ಸಡಿಲಬಿಡಿರಿ. ಚಹಾದ ಸತ್ವದಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯಾದರೂ ಮೈಯಲ್ಲಿ ಉಳಿದಿರುತ್ತದೆ. ಮಲಗುವ ಹೊತ್ತಿಗೆ ಹತ್ತಿರ ಅದು ಬೇಡ. ಬೀಡಿ ಸಮಾಧಾನ ಕೊಟ್ಟಂತೆ ತೋರಿದರೂ ಎದೆಬಡಿತವನ್ನು ಏರಿಸುತ್ತದೆ. ಹೆಂಡ ನಿದ್ದೆ ಬರಿಸುತ್ತದೆ, ನಡುರಾತ್ರಿ ಅದನ್ನೇ ಒಡೆಯುತ್ತದೆ. ರಾತ್ರಿ ಪಾಳಿಯವರು ಹಗಲು ಮಲಗುವಾಗ ಕಿಟಕಿಗೆ ಕಂಬಳಿಯಾದರೂ ಕಟ್ಟಿ ಕತ್ತಲೆ ಮಾಡಿಕೊಳ್ಳಲಿ; ಮನೆಯವರು ಸಹಕರಿಸಲಿ.

ಒಂದು ಎಚ್ಚರಿಕೆ. ಎದೆನೋವು ತೋಳಿಗೆ ಹರಿದು ಬೆವರಿಳಿದರೆ ಉಸಿರು ಎಣಿಸುತ್ತ ಕೂಡಬಾರದು. ಆ ಕ್ಷಣ ಆಸ್ಪತ್ರೆಗೆ ಹೋಗಬೇಕು. ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ ವೈದ್ಯರಿಗೆ ತೋರಿಸಬೇಕು. ಬದುಕೇ ಬೇಡವೆನಿಸಿದಾಗ ಒಬ್ಬರೇ ಇರಬೇಡಿರಿ. ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್‌ನ 14416ಕ್ಕೆ ಹಗಲಿರುಳು ಪುಕ್ಕಟೆಯಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು. ಇದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ಉಸಿರಾಟದ ಪಾಠ ಹೋರಾಟದ ಕಾವನ್ನು ತಣ್ಣಗಾಗಿಸುವ ಉಪಾಯವೆಂದು ಕೆಲವು ಸಂಗಾತಿಗಳು ಆಕ್ಷೇಪಿಸುತ್ತಾರೆ. ಉತ್ಪಾದನೆಯ ಗುರಿಯನ್ನು ಏರಿಸುತ್ತಲೇ ಧ್ಯಾನದ ಉಪನ್ಯಾಸ ಏರ್ಪಡಿಸುವ ಮಾಲೀಕರನ್ನು ಕಂಡಾಗ ಈ ಮಾತಿನಲ್ಲಿ ಹುರುಳಿದೆಯೆನಿಸುತ್ತದೆ. ಆದರೆ ನಿದ್ದೆಗೆಟ್ಟವನು ಸಭೆಯಲ್ಲಿ ರೇಗಬಲ್ಲನೇ ಹೊರತು ವರ್ಷಗಟ್ಟಲೆ ಸಂಘ ಕಟ್ಟಲಾರ. ಎರಡೂ ಬೇಕು. ಗಾಯಕ್ಕೆ ಮದ್ದು ಹಚ್ಚಬೇಕು, ಮುಳ್ಳನ್ನೂ ಕೀಳಬೇಕು.

ಮುಳ್ಳು ಯಾವುದೆಂಬುದು ಗೊತ್ತೇ ಇದೆ. 1948ರ ಕಾರ್ಖಾನೆ ಕಾಯಿದೆ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಐದು ಗಂಟೆ ದುಡಿಯುವುದರೊಳಗೆ ಅರ್ಧ ಗಂಟೆ ಬಿಡುವು ಕೊಡಬೇಕೆಂದಿತು. 2023ರಲ್ಲಿ ನಮ್ಮ ರಾಜ್ಯ ಅದಕ್ಕೆ ತಿದ್ದುಪಡಿ ತಂದು, ವಾರದ ಮಿತಿಯನ್ನು ಉಳಿಸಿಕೊಂಡು, ದಿನದ ದುಡಿಮೆಯನ್ನು 12 ಗಂಟೆಗೆ ಎಳೆಯಲು ದಾರಿ ತೆರೆಯಿತು. ಹನ್ನೆರಡು ಗಂಟೆಯ ದಿನವನ್ನು ಕಾಗದ ತಾಳಬಹುದು, ನರಗಳು ತಾಳಲಾರವು. ಸಾಲ ವಸೂಲಿಯ ದಬ್ಬಾಳಿಕೆಯನ್ನು ತಡೆಯಲು 2025ರಲ್ಲಿ ಇದೇ ರಾಜ್ಯ ಕಾನೂನು ಮಾಡಿತು. ಅದು ಪೇಟೆಯ ಕೊನೆಯ ಅಂಗಡಿಯವರೆಗೂ ತಲುಪಬೇಕು.

ಬಿಡುವಿನ ಅರ್ಧ ಗಂಟೆಯನ್ನು ಯಾರೂ ಕದಿಯದಂತೆ ಕಾರ್ಮಿಕರು ಕಾಯಬೇಕು. ಗುರಿ ನಿಗದಿಯಲ್ಲಿ ತಮ್ಮ ಮಾತೂ ನಡೆಯಬೇಕೆಂದು ಕೇಳಬೇಕು. ಒಬ್ಬ ಅಂಗಡಿಕಾರ ಬೇಗ ಬಾಗಿಲು ಹಾಕಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಪೇಟೆಯೆಲ್ಲ ಕೂಡಿ ಒಂದೇ ಹೊತ್ತಿಗೆ ಹಾಕಿದರೆ ಯಾರಿಗೂ ನಷ್ಟವಿಲ್ಲ. ಈ ಎರಡು ಮಾತುಗಳನ್ನು ಮುಂದಿನ ಸಭೆಗಳಲ್ಲಿ ಚರ್ಚೆಗೆ ತರಬೇಕೆಂದು ಗಿರಣಿ ಸಂಘವನ್ನೂ ವರ್ತಕ ಬಂಧುಗಳನ್ನೂ ನಾವು ಕೇಳಿಕೊಳ್ಳುತ್ತೇವೆ.